ಹಳೇ ಫಿಯಟ್‌ನಲ್ಲಿ ಅಪ್ಪನ ಜೊತೆ ಮಾತಾಡಬೇಕಿತ್ತು

ನಮ್ಮ ಮನೆಯ ಕಾರು ಪ್ರೀಮಿಯರ್ ಪದ್ಮಿನಿ, 1984ರ ಮಾಡೆಲ್. ವಿಜಯಪುರದ ಮಂದಿ ಇವತ್ತಿಗೂ ಅದನ್ನು ಫಿಯಟ್ ಅಂತಲೇ ಕರೆಯುತ್ತಾರೆ. ಮುಂಬೈನ ಕುರ್ಲಾದಲ್ಲಿ ತಯಾರಾದ ಗಾಡಿ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್, ಹಿಂದೆ ಕಮಾನ್ ಪಟ್ಟಿ. ಅಪ್ಪ ನೌಕರಿಯಲ್ಲಿದ್ದಾಗ ಬುಕ್ ಮಾಡಿ, ವರ್ಷಗಟ್ಟಲೆ ಕಾದು ತಂದದ್ದು. ಎಂಜಿನ್ ಇನ್ನೂ ಗಟ್ಟಿಯಾಗಿದೆ. ಆದರೆ ಸ್ಪೀಡ್ 50 ದಾಟಿತು ಅಂದರೆ ಒಳಗೆ ಕೂತವರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ.

ಅಪ್ಪನಿಗೆ ಈಗ ಕಿವಿ ಮಂದ. ಮಷೀನ್ ಹಾಕಿಕೊಂಡರೆ ಮನೆಯಲ್ಲಿ ಚೆನ್ನಾಗಿ ಕೇಳುತ್ತದೆ. ಕಾರಿನಲ್ಲಿ ಮಾತ್ರ ಆ ಮಷೀನು ಮಾತಿನ ಜೊತೆ ಗದ್ದಲವನ್ನೂ ದೊಡ್ಡದು ಮಾಡಿ ಕಿವಿಗೆ ಹಾಕುತ್ತದೆ. ಬಸವನ ಬಾಗೇವಾಡಿ ಕಡೆ ನಮ್ಮ ಹೊಲ ಇದೆ. ಅಲ್ಲಿಗೆ ಹೊರಟಾಗೆಲ್ಲ ಊರು ದಾಟುತ್ತಿದ್ದ ಹಾಗೆ ಅಪ್ಪ ಮಷೀನ್ ತೆಗೆದು ಅಂಗಿ ಕಿಸೆಗೆ ಹಾಕಿಬಿಡುತ್ತಿದ್ದರು. "ಹಾಕ್ಕೊಂಡ್ರ ಬರೇ ಗುಂಯ್ ಅಂತೈತಿ ತಮ್ಮಾ, ನೀ ಏನ್ ಅಂತಿ ತಿಳ್ಯಂಗಿಲ್ಲ" ಅನ್ನುತ್ತಿದ್ದರು. ದಾರಿಯುದ್ದಕ್ಕೂ ಇಬ್ಬರೂ ಸುಮ್ನೆ ಕೂರುವುದು ನನಗೆ ಸಹಿಸಲಿಕ್ಕೆ ಆಗುತ್ತಿರಲಿಲ್ಲ. ಕಾರು ಮಾರುವ ಮಾತಂತೂ ಇರಲೇ ಇಲ್ಲ.

ಕಾರಿನ ಒಳಗೆಲ್ಲ ಸದ್ದು ತಡೆಯುವ ಶೀಟ್ ಹಚ್ಚಿಕೊಡುವ ಅಂಗಡಿಯೊಂದರಲ್ಲಿ ವಿಚಾರಿಸಿದೆ. 30,000ಕ್ಕೂ ಜಾಸ್ತಿ ಹೇಳಿದರು. ನನ್ನ ಕೈಯಲ್ಲಿದ್ದದ್ದು 6,000. ಹಾಗಾಗಿ ಏಪ್ರಿಲ್‌ನ ಒಂದು ಶನಿವಾರ ಬೆಳಗ್ಗೆ ಇಂಡಿ ರಸ್ತೆ ಕಡೆ ಇರುವ ನಮ್ಮ ಮಿಸ್ತ್ರಿ ಚಾಚಾ ಹತ್ತಿರ ಹೋದೆ. ಫಿಯಟ್ ಎಂಜಿನ್ ಬಿಚ್ಚಿ ಕಟ್ಟಿಯೇ ಅವರ ಗಡ್ಡ ಬೆಳ್ಳಗಾಗಿದೆ. ಶೀಟ್ ವಿಷಯ ತೆಗೆದ ಕೂಡಲೇ ತಲೆ ಅಲ್ಲಾಡಿಸಿದರು. "ಈಗ ಶೀಟ್ ಹಚ್ಚಿದ್ರ ರೊಕ್ಕ ಹಾಳ್ರಿ ಸರ್. ಮೊದಲ ಗಾಡಿ ಯಾಕ ನಡುಗ್ತೈತಿ ನೋಡೂಣು."

ಇಬ್ಬರೂ ಸೊಲ್ಲಾಪುರ ರಸ್ತೆಗೆ ಹೊರಟೆವು. ಚಾಚಾ ಮಾಡಿಸಿದ ಪರೀಕ್ಷೆ ಸರಳ. ನೇರ ರಸ್ತೆ, ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು 60ಕ್ಕೆ ಹೋಗಿ ಗೇರನ್ನು ನ್ಯೂಟ್ರಲ್‌ಗೆ ತರಬೇಕು. ಚಾವಿ ತೆಗೆಯಬಾರದು. ಎಂಜಿನ್ ತಣ್ಣಗೆ ತಿರುಗುತ್ತದೆ, ಗಾಡಿ ಮಾತ್ರ ಅದೇ ವೇಗದಲ್ಲಿ ಉರುಳುತ್ತಿರುತ್ತದೆ. ಆಗಲೂ ಉಳಿಯುವ ಸದ್ದು ಟಯರಿನದು, ಗಾಳಿಯದು, ಹಿಂದಿನ ಆಕ್ಸಲ್‌ನದು. ಹೋದ ಸದ್ದು ಎಂಜಿನ್ ಕಡೆಯದು. ನಮ್ಮ ಗಾಡಿಯಲ್ಲಿ ತಲೆ ತಿನ್ನುತ್ತಿದ್ದ ಆ ದಪ್ಪ ಗುಂಯ್ ಸದ್ದು ನ್ಯೂಟ್ರಲ್‌ಗೆ ಬಂದ ಕೂಡಲೇ ಮಾಯವಾಯಿತು. ಆಮೇಲೆ ಗಾಡಿ ನಿಲ್ಲಿಸಿ, ಆಕ್ಸಿಲರೇಟರ್ ಒತ್ತಿ ಎಂಜಿನನ್ನು ಮೊದಲಿನಷ್ಟೇ ತಿರುಗಿಸಿದೆವು. ನಿಂತಲ್ಲೇ ಮತ್ತೆ ಅದೇ ಗುಂಯ್. ಅಂದರೆ ಎಂಜಿನ್, ಇಲ್ಲಾ ಸೈಲೆನ್ಸರ್.

ಇದರ ಲೆಕ್ಕ ಹೀಗೆ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಒಂದು ಸುತ್ತಿಗೆ ಎರಡು ಸಿಲಿಂಡರ್ ಉರಿಯುತ್ತವೆ. ನಿಮಿಷಕ್ಕೆ 3000 ಸುತ್ತು ಅಂದರೆ ಸೆಕೆಂಡಿಗೆ 50 ಸುತ್ತು, 100 ಹೊಡೆತ. ಇದು ತುಂಬ ಕೆಳಗಿನ ಸ್ವರ. ಇಂಥ ಸ್ವರವನ್ನು ತೆಳು ಫೋಮ್ ತಡೆಯುವುದಿಲ್ಲ. ಅದು ಗಾಳಿಯಲ್ಲಿ ಬರುವುದಕ್ಕಿಂತ ಜಾಸ್ತಿ ಕಬ್ಬಿಣದ ಮೂಲಕವೇ ಬರುತ್ತದೆ, ಆಮೇಲೆ ಇಡೀ ಬಾಡಿ ಅದಕ್ಕೆ ದನಿ ಕೊಡುತ್ತದೆ. ಕಬ್ಬಿಣದ ದಾರಿ ಕಡಿಯುವ ಕೆಲಸ ಇರುವುದು ರಬ್ಬರ್‌ಗೆ.

ಶೆಡ್ಡಿಗೆ ವಾಪಸ್ ಬಂದು ಬಾನೆಟ್ ಎತ್ತಿದರು. ನಾನು ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರ್ ಹಾಕಿ, ಕ್ಲಚ್ ಸ್ವಲ್ಪವೇ ಬಿಟ್ಟೆ. ಚಾಚಾ ಪಕ್ಕಕ್ಕೆ ನಿಂತು ನೋಡುತ್ತಿದ್ದರು. "ನೋಡ್ರಿ, ಎಂಜಿನ್ ಹೆಂಗ ಎದ್ದು ಕುಂದರತೈತಿ!" ಎಂಜಿನ್ ಕೂರುವ ಫೌಂಡೇಶನ್ ರಬ್ಬರ್ ಎರಡೂ ಹೋಗಿದ್ದವು. ಬಿಚ್ಚಿ ಕೈಗೆ ಕೊಟ್ಟರು. ಒಂದು ರಬ್ಬರ್ ಆಯಿಲ್ ಕುಡಿದು ಉಬ್ಬಿತ್ತು, ಉಗುರು ಒತ್ತಿದರೆ ಒಳಗೆ ಹೋಗುತ್ತಿತ್ತು, ಕಪ್ಪು ಅಂಟು ಬೆರಳಿಗೆ ಹತ್ತುತ್ತಿತ್ತು. ಇನ್ನೊಂದು ಗುರುತೂ ಮೂಡದಷ್ಟು ಗಟ್ಟಿಯಾಗಿ, ಕಬ್ಬಿಣದ ಪಟ್ಟಿಯಿಂದ ಅರ್ಧ ಬಿಟ್ಟುಕೊಂಡಿತ್ತು. ಮೇಲಿನಿಂದ ನೋಡಿದರೆ ಎರಡೂ ಚೆನ್ನಾಗಿಯೇ ಕಾಣುತ್ತಿದ್ದವು. ಅದಕ್ಕೇ ಹಳೇ ಗಾಡಿ ಇರುವವರಿಗೆ ಹೇಳುವುದು, ರಬ್ಬರನ್ನು ಕಣ್ಣಲ್ಲಿ ನೋಡಿ ಬಿಡಬೇಡಿ. ಕೈಯಲ್ಲಿ ಒತ್ತಿ ನೋಡಿ, ಎಂಜಿನ್ ಅಲ್ಲಾಡಿಸಿ ನೋಡಿ.

ಹೊಸ ಫೌಂಡೇಶನ್ ಹಾಕುವಾಗ ಬೋಲ್ಟ್‌ಗಳನ್ನು ಮೊದಲು ಸಡಿಲವಾಗಿಯೇ ಬಿಟ್ಟು, ಎಂಜಿನ್ ಚಾಲೂ ಮಾಡಿ ಅದು ತನ್ನ ಜಾಗಕ್ಕೆ ಕೂತ ಮೇಲೆ ಬಿಗಿ ಮಾಡಿದರು. ಇಲ್ಲದಿದ್ದರೆ ಹೊಸ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ನಡುಕ ಪೂರ್ತಿ ಹೋಗುವುದಿಲ್ಲ. ಆಮೇಲೆ ಚಾಚಾ ಗಾಡಿ ಕೆಳಗೆ ಹೋದರು. ಸ್ವಲ್ಪ ಹೊತ್ತಿಗೆ ನನ್ನನ್ನೂ ಕರೆದರು. ಸೈಲೆನ್ಸರ್ ಪೈಪ್ ಪೂರ್ತಿ ತುಕ್ಕು ಹಿಡಿದು ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಒಂದು ಕಡೆ ಹೆಬ್ಬೆರಳಿನಷ್ಟು ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ನೇರ ಅದರ ಮೇಲೆ ಫ್ಲೋರಿನಲ್ಲೂ ಅಷ್ಟೇ ಹೊಳಪು. ಪೈಪನ್ನು ತೂಗುವ ರಬ್ಬರ್ ಹಾಳಾಗಿ ಪೈಪ್ ಬಾಡಿಗೆ ಉಜ್ಜುತ್ತಿತ್ತು. ಅಪ್ಪನ ಕಿವಿಗೆ ಬಡಿಯುತ್ತಿದ್ದ ಗುಂಯ್‌ನಲ್ಲಿ ದೊಡ್ಡ ಪಾಲು ಆ ಹೆಬ್ಬೆರಳಗಲ ಜಾಗದ್ದು! ತೂಗುವ ರಬ್ಬರ್‌ಗಳನ್ನು ಬದಲಿಸಿ ಪೈಪನ್ನು ಎರಡು ಬೆರಳು ಕೆಳಗೆ ಇಳಿಸಿದರು. ಸಿಲಿಂಡರಿಗೆ ಕಿಡಿ ಕೊಡುವ ಪ್ಲಗ್, ಪಾಯಿಂಟ್ ಗ್ಯಾಪ್ ಸರಿ ಮಾಡಿದರು. ಒಂದು ಸಿಲಿಂಡರ್ ಸೋತರೂ ಎಂಜಿನ್ ಕುಂಟುತ್ತದೆ, ಆ ನಡುಕವನ್ನು ಯಾವ ರಬ್ಬರೂ ಪೂರ್ತಿ ತಡೆಯಲಾರದು. ಸಂಜೆ ಮನೆಗೆ ಬರುವಾಗಲೇ ಸ್ಟೀರಿಂಗ್ ಹಿಡಿದ ಕೈಗೆ ಜುಮ್ಮೆನ್ನುವುದು ನಿಂತಿತ್ತು.

ಮಾರನೇ ದಿನ ಮನೆ ಮುಂದಿನ ಬೇವಿನ ಮರದ ನೆರಳಲ್ಲಿ ಗಾಡಿ ನಿಲ್ಲಿಸಿಕೊಂಡು ಒಳಗಿನ ಕೆಲಸಕ್ಕೆ ಇಳಿದೆ. ಮೊದಲು ಸಂದುಗಳು. ಬಾಗಿಲಿನ ಸಂದಿನಲ್ಲಿ ನೂರರ ನೋಟು ಇಟ್ಟು ಬಾಗಿಲು ಹಾಕಿ ಎಳೆದು ನೋಡುವುದು. ಬಿಗಿ ಇಲ್ಲದೆ ಜಾರಿ ಬಂದರೆ ಅಲ್ಲಿ ಬೀಡಿಂಗ್, ಅಂದರೆ ಬಾಗಿಲಂಚಿನ ರಬ್ಬರ್, ಕೂತಿಲ್ಲ ಅಂತ. ಎಡಗಡೆಯ ಹಿಂದಿನ ಬಾಗಿಲಲ್ಲಿ ಮೇಲಿಂದ ಕೆಳಗಿನವರೆಗೂ ನೋಟು ಸಲೀಸಾಗಿ ಬಂತು. ಕುಶನ್ ಅಂಗಡಿಯಿಂದ ತಂದಿಟ್ಟಿದ್ದ ಹೊಸ ಬೀಡಿಂಗ್ ಹಾಕಿದೆ. ಆಮೇಲೆ ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ, ಎಂಜಿನ್ ಕಡೆಯಿಂದ ಮಗನ ಕೈಲಿ ಟಾರ್ಚ್ ಹಿಡಿಸಿದೆ. ವೈರ್ ಬರುವ ತೂತು, ಯಾವಾಗಲೋ ತೆಗೆದ ಯಾವುದೋ ಬೋಲ್ಟಿನ ತೂತು, ಪೆಡಲ್ ಸುತ್ತ ಹರಿದ ರಬ್ಬರ್, ಎಲ್ಲದರಿಂದಲೂ ಬೆಳಕು ಬರುತ್ತಿತ್ತು. ಬೆಳಕು ಬರುವಲ್ಲಿ ಸದ್ದೂ ಬರುತ್ತದೆ, ಹೊಗೆಯೂ ಬರುತ್ತದೆ. ಸಣ್ಣ ತೂತು ಅಲ್ವಾ ಅಂತ ಬಿಡುವ ಹಾಗಿಲ್ಲ. ಗೋಡೆ ಎಷ್ಟೇ ದಪ್ಪ ಇರಲಿ, ಅದರಲ್ಲಿ ನೂರಕ್ಕೆ ಒಂದು ಪಾಲು ತೆರೆದಿದ್ದರೆ ಅದು 20 ಡೆಸಿಬಲ್‌ಗಿಂತ ಜಾಸ್ತಿ ತಡೆಯಲಾರದು. ತೂತುಗಳಿಗೆ ಗ್ರೊಮೆಟ್ ಅನ್ನುವ ರಬ್ಬರ್ ಬಿರಡೆ ಹಾಕಿದೆ, ಗ್ರೊಮೆಟ್ ಕೂರದ ಕಡೆ ಅಂಟು ರಬ್ಬರಿನಂಥ ಬ್ಯೂಟೈಲ್ ತುಂಡು ಒತ್ತಿದೆ.

ಇನ್ನು ತಗಡು. ಹೋಳಿ ಹುಣ್ಣಿಮೆಯಲ್ಲಿ ಹಲಗೆ ಬಾರಿಸುವಾಗ ನಡುವೆ ಅಂಗೈ ಇಟ್ಟರೆ ಸದ್ದು ಅಲ್ಲಿಗೇ ಸಾಯುತ್ತದೆ ನೋಡಿ, ಡ್ಯಾಂಪಿಂಗ್ ಶೀಟ್ ಮಾಡುವುದೂ ಅಷ್ಟೇ. ಅದು ಸದ್ದಿಗೆ ಅಡ್ಡಗೋಡೆ ಅಲ್ಲ, ತಗಡು ನಡುಗದ ಹಾಗೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ತಗಡಿನ ತುಂಬ ಹಚ್ಚಬೇಕಿಲ್ಲ. ಬೆರಳಿನ ಗಂಟಿನಿಂದ ತಟ್ಟುತ್ತಾ ಹೋದೆ. ಎಲ್ಲಿ ಟಣ್ ಅನ್ನುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ಎಲ್ಲಿ ದಬ್ ಅನ್ನುತ್ತದೋ ಅದನ್ನು ಬಿಟ್ಟೆ. ಪ್ರತಿ ತಗಡಿನ ನಡುವೆ ಮೂರರಲ್ಲಿ ಒಂದು ಪಾಲು ಹಚ್ಚಿದರೆ ಸಾಕು. 30,000ದ ಕೆಲಸ ಕಡಿಮೆ ರೊಕ್ಕದಲ್ಲಿ ಆಗುವ ಗುಟ್ಟು ಇಲ್ಲೇ ಇರುವುದು.

ಮಾಳಿಗೆ ಸೋರುವುದಕ್ಕೆ ಹಚ್ಚುವ ಡಾಂಬರಿನ ಶೀಟ್ ಇನ್ನೂ ಸೋವಿ ಸಿಗುತ್ತದೆ. ನಾನು ಅದನ್ನು ತರಲಿಲ್ಲ. ನಮ್ಮ ಊರಿನಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ, ಬಿಸಿಲಲ್ಲಿ ನಿಂತ ಕಾರಿನ ತಗಡು ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಆ ಕಾವಿಗೆ ಡಾಂಬರು ವಾಸನೆ ಬಿಡುತ್ತದೆ, ಮೆತ್ತಗಾಗಿ ಜಾರುತ್ತದೆ. ಬ್ಯೂಟೈಲ್ ಶೀಟೇ ಒಳ್ಳೆಯದು. ಮೊದಲು ಹಳೇ ಮ್ಯಾಟ್ ಕಿತ್ತು, ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಬಳಿದು ಒಣಗಿಸಿದೆ. ಶೀಟ್‌ಗಳನ್ನು ಬಿಸಿಲಿಗೆ ಇಟ್ಟು ಬೆಚ್ಚಗಾದ ಮೇಲೆ ಹಚ್ಚಿ, ಮನೆಯ ಹಳೇ ಲಟ್ಟಣಿಗೆಯಿಂದ ಗಾಳಿ ಉಳಿಯದ ಹಾಗೆ ಉಜ್ಜಿದೆ. ಬಾಗಿಲಿನ ತಳದಲ್ಲಿ ನೀರು ಇಳಿಯುವ ತೂತುಗಳಿವೆ. ಅವನ್ನು ಯಾವ ಕಾರಣಕ್ಕೂ ಮುಚ್ಚಬಾರದು.

ಫ್ಲೋರಿನ ಮೇಲೆ ಎಸಿ ಪೈಪಿಗೆ ಸುತ್ತುವ ಕಪ್ಪು ನೈಟ್ರೈಲ್ ಶೀಟ್ ಹಾಸಿದೆ. ಅದು ನೀರು ಕುಡಿಯುವುದಿಲ್ಲ. ಅದರ ಮೇಲೆ ಅಜ್ಜನ ಕಾಲದ ಎರಡು ಕಂಬಳಿ. ನಮ್ಮ ಕಡೆಯ ಕುರಿ ಉಣ್ಣೆ ಒರಟು, ನೇಯ್ಗೆ ದಪ್ಪ. ಅದು ಟಯರಿನ ಸರಸರ ಸದ್ದನ್ನು ಚೆನ್ನಾಗಿ ನುಂಗುತ್ತದೆ. ಉಣ್ಣೆಗೆ ಬೆಂಕಿಯೂ ಸುಲಭಕ್ಕೆ ಹತ್ತುವುದಿಲ್ಲ. ಇನ್ನೊಂದು ಕಂಬಳಿಯನ್ನು ಹಿಂದಿನ ಸೀಟಿನ ಬೆನ್ನಿಗೆ, ಡಿಕ್ಕಿ ಕಡೆಯಿಂದ ಕಟ್ಟಿದೆ. ಡಿಕ್ಕಿಯಲ್ಲಿ ಗಡಗಡ ಅನ್ನುತ್ತಿದ್ದ ಜಾಕು, ಪಾನಾಗಳನ್ನು ಹಳೇ ಚಾದರದಲ್ಲಿ ಸುತ್ತಿಟ್ಟೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಸೋಮವಾರ ಬೆಳಗ್ಗೆ ಅಪ್ಪನನ್ನು ಕೂರಿಸಿಕೊಂಡು ಹೊಲಕ್ಕೆ ಹೊರಟೆ. ಮನಗೂಳಿ ದಾರಿಯಲ್ಲಿ 60ರ ವೇಗದಲ್ಲಿ ನನ್ನ ತಮ್ಮ ಹಿಂದಿನ ಸೀಟಿನಿಂದ ಫೋನಿನಲ್ಲಿ ಸದ್ದು ಅಳೆದ. ಮೊದಲು 83 ಡೆಸಿಬಲ್ ತೋರಿಸುತ್ತಿದ್ದದ್ದು 76ಕ್ಕೆ ಇಳಿದಿತ್ತು. ಫೋನಿನ ಅಂಕಿ ಕರಾರುವಾಕ್ಕು ಅಲ್ಲ, ಆದರೆ ಅದೇ ಫೋನು, ಅದೇ ರಸ್ತೆ, ಅದೇ ವೇಗ ಆದರೆ ಎರಡರ ಅಂತರವನ್ನು ನಂಬಬಹುದು. 10 ಡೆಸಿಬಲ್ ಇಳಿದರೆ ಕಿವಿಗೆ ಹೆಚ್ಚುಕಡಿಮೆ ಅರ್ಧ ಸದ್ದು ಅನ್ನಿಸುತ್ತದೆ. 7 ಅಂದರೆ ನಮಗೆ ದೊಡ್ಡದೇ. ಅಪ್ಪ ಮಷೀನ್ ತೆಗೆಯಲಿಲ್ಲ. ಮನಗೂಳಿ ದಾಟುವವರೆಗೂ ತೊಗರಿ ರೇಟು, ಬಾವಿಯ ಪಂಪು, ಪಕ್ಕದ ಹೊಲದವರ ಬದುವಿನ ತಕರಾರು ಅಂತ ಒಂದೇ ಸಮನೆ ಮಾತಾಡಿದರು. ನಡುವೆ ನಾನು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟರು. ನನಗೆ ಬೇಕಾಗಿದ್ದದ್ದು ಅದೇ.

ಎಲ್ಲ ಸೇರಿ ಖರ್ಚು 5,000ದ ಆಸುಪಾಸು, ಚಾಚಾ ಮಜೂರಿಯೂ ಇದರಲ್ಲೇ ಬಂತು. ಅರ್ಧಕ್ಕಿಂತ ಜಾಸ್ತಿ ಹೋದದ್ದು ಬ್ಯೂಟೈಲ್ ಶೀಟ್ ಮತ್ತು ಬೀಡಿಂಗ್‌ಗೆ. ಕೈಯಲ್ಲಿ ಅಷ್ಟೂ ಇಲ್ಲ ಅನ್ನುವವರು ಶನಿವಾರದ ಕೆಲಸ ಒಂದನ್ನೇ ಮಾಡಿಸಿ. ನಮ್ಮ ಗಾಡಿಯ ಮಟ್ಟಿಗೆ ಲಾಭದಲ್ಲಿ ದೊಡ್ಡ ಪಾಲು ಫೌಂಡೇಶನ್ ಮತ್ತು ಸೈಲೆನ್ಸರ್ ರಬ್ಬರ್‌ನಿಂದಲೇ ಬಂತು.

ಇನ್ನೂ ಕೆಲಸ ಬಾಕಿ ಇದೆ. 70 ದಾಟಿದರೆ ಮುಂದಿನ ಬಾಗಿಲಿನ ತ್ರಿಕೋನ ಗಾಜಿನ ಹತ್ತಿರ ಗಾಳಿ ಸಿಳ್ಳೆ ಹೊಡೆಯುತ್ತದೆ. ಅದರ ರಬ್ಬರ್ ಇಲ್ಲಿ ಸಿಗಲಿಲ್ಲ, ಮುಂಬೈನಿಂದ ತರಿಸಬೇಕು. ಕಮಾನ್ ಪಟ್ಟಿಯ ಬುಷ್‌ಗಳನ್ನು ಮುಂದಿನ ತಿಂಗಳು ನೋಡೋಣ ಅಂದಿದ್ದಾರೆ ಚಾಚಾ. ಮಳೆ ಶುರುವಾದ ಮೇಲೆ ಮಾತ್ರ ಆಗಾಗ ಮ್ಯಾಟ್ ಎತ್ತಿ ಕಂಬಳಿ ಮುಟ್ಟಿ ನೋಡುತ್ತಿರಬೇಕು. ಒದ್ದೆಯಾದರೆ ಅವತ್ತೇ ತೆಗೆದು ಬಿಸಿಲಿಗೆ ಹಾಕಬೇಕು, ಇಲ್ಲದಿದ್ದರೆ ಕೆಳಗಿನ ತಗಡು ಉಳಿಯುವುದಿಲ್ಲ.