“ತೊಂದ್ರಿ ಹುಡುಗಂದು, ನಮ್ಮನ್ಯಾಕ ಕುಂಡ್ರಸ್ತೀರಿ?”

ವಿಜಯಪುರದಲ್ಲಿ ಮಕ್ಕಳ ಆಪ್ತಸಮಾಲೋಚಕಿಯಾಗಿರುವ ನನ್ನನ್ನು ತಂದೆ-ತಾಯಂದಿರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: “ಅವನ ಕೂಡ ಮಾತಾಡ್ರಿ ಮೇಡಂ, ನಮ್ಮನ್ಯಾಕ ಕುಂಡ್ರಸ್ತೀರಿ?” ಆ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚು. ತಪ್ಪೆಲ್ಲ ನಮ್ಮದೇ ಅಂತ ಹೇಳಿಬಿಡ್ತಾರೇನೋ ಎಂಬ ಅಂಜಿಕೆ.

ಅಂಜಲು ಕಾರಣವೂ ಇದೆ. ಮನಶ್ಶಾಸ್ತ್ರವೇ ಒಂದು ಕಾಲಕ್ಕೆ ತಾಯಂದಿರಿಗೆ ದೊಡ್ಡ ಅನ್ಯಾಯ ಮಾಡಿತ್ತು. ತಾಯಿ ಅಕ್ಕರೆ ತೋರದ್ದರಿಂದ ಮಗುವಿಗೆ ಆಟಿಸಂ (ಮಾತು, ಇತರರೊಡನೆ ಬೆರೆಯುವುದು ಬೇರೆ ರೀತಿ ಬೆಳೆಯುವ ಸ್ಥಿತಿ) ಬರುತ್ತದೆ ಎಂದು ಕಳೆದ ಶತಮಾನದ ನಡುಭಾಗದಲ್ಲಿ ಹೆಸರುವಾಸಿ ತಜ್ಞರೇ ಹೇಳುತ್ತಿದ್ದರು. ಅದಕ್ಕೆ ಆಧಾರವಿಲ್ಲ ಎಂದು 1964ರಲ್ಲಿ ಗಟ್ಟಿಯಾಗಿ ವಾದಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲ್ಯಾಂಡ್. ಅವರ ಮಗನಿಗೂ ಆಟಿಸಂ ಇತ್ತು. ಅದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು ಎಂಬುದನ್ನು ಈಗ ಎಲ್ಲ ತಜ್ಞರೂ ಒಪ್ಪುತ್ತಾರೆ. ಆದರೂ ಇಂಡಿ, ಸಿಂದಗಿ ಕಡೆಯಿಂದ ಬರುವ ಎಷ್ಟೋ ತಾಯಂದಿರು ಮನೆಯವರಿಂದ ಅದೇ ಹಳೇ ಮಾತು ಕೇಳಿಸಿಕೊಂಡು ಬಂದಿರುತ್ತಾರೆ. ಅವರಿಗೆ ನಾನು ಮೊದಲು ಹೇಳುವುದು ಒಂದೇ: ಇದು ನಿಮ್ಮಿಂದ ಬಂದದ್ದಲ್ಲ.

ಹಾಗಾದರೆ ಅವರನ್ನು ಕೂಡಿಸುವುದು ಯಾಕೆ? ಹಲವು ಮನೆಗಳಲ್ಲಿ ಕಂಡದ್ದನ್ನು ಸೇರಿಸಿ ಹೇಳುತ್ತೇನೆ. ಎಂಟು ವರ್ಷದ ಹುಡುಗ, ಮುಂಜಾನೆ ಸಾಲಿಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು. ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲ ಸರಿ ಇವೆ. ದೃಷ್ಟಿ ತೆಗೆದದ್ದಾಯಿತು, ತಾಯತ ಕಟ್ಟಿದ್ದಾಯಿತು. ಕಡೆಗೆ “ನಾಟಕ ಮಾಡ್ತಾನ್ರಿ” ಅನ್ನುತ್ತಾರೆ. ನಾಟಕವಲ್ಲ. ಕರುಳಿಗೂ ಮಿದುಳಿಗೂ ನರಗಳ ನಂಟಿದೆ, ಆತಂಕ ಏರಿದರೆ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಕೇಳುತ್ತ ಹೋದರೆ, ಅಪ್ಪ ಗೋವಾಕ್ಕೆ ದುಡಿಯಲು ಹೋದ ಮೇಲೆ ಇದು ಶುರುವಾಗಿದ್ದು ತಿಳಿಯುತ್ತದೆ. ಮೊದಲ ದಿನ ಅಜ್ಜಿ “ಇರಲಿ ಬಿಡವಾ” ಎಂದು ಮನೆಯಲ್ಲಿ ಉಳಿಸಿಕೊಂಡಳು, ನೋವು ಇಳಿಯಿತು. ಅಜ್ಜಿಯ ಪ್ರೀತಿ ಖರೇ. ಆದರೆ ಸಾಲಿ ತಪ್ಪಿದರೆ ನೆಮ್ಮದಿ ಎಂಬುದನ್ನು ಹುಡುಗನ ಮೈ ಕಲಿತುಬಿಟ್ಟಿತು. ಮರುದಿನ ನೋವು ಇನ್ನೂ ಜೋರು.

ನೋವನ್ನು ನಂಬಬೇಕು, ಸಾಲಿಯನ್ನೂ ಬಿಡಿಸಬಾರದು. ಮೊದಲು ಒಂದು ತಾಸು ಕೂರಲಿ, ಆಮೇಲೆ ಬಿಸಿಯೂಟದ ತನಕ, ಆಮೇಲೆ ಪೂರ್ತಿ ದಿನ. ಮಾಸ್ತರರಿಗೆ ವಿಷಯ ಗೊತ್ತಿರಬೇಕು. ಅಪ್ಪ ದಿನಾ ಒಂದೇ ಹೊತ್ತಿಗೆ ಫೋನ್ ಮಾಡಬೇಕು, ಸಮಾಧಾನಕ್ಕೆಂದು “ನಾಳೆ ಬರ್ತೀನಿ” ಅನ್ನದೆ ಯಾವಾಗ ಬರುತ್ತೇನೆಂದು ನಿಜ ಹೇಳಬೇಕು. ಇದರಲ್ಲಿ ನನ್ನ ಕೈಯಲ್ಲಿರುವುದು ಎಷ್ಟು? ವಾರಕ್ಕೊಮ್ಮೆ ಮುಕ್ಕಾಲು ತಾಸು ಸಿಗುವವಳು ನಾನು. ಸಾಲಿಗೆ ಹೊರಡುವ ಹೊತ್ತಿನಲ್ಲಿ ಹುಡುಗನ ಎದುರಿಗಿರುವವರು ನೀವು.

ಇನ್ನೊಂದು ವಿಷಯ ಜನ ಬಾಯಿಬಿಟ್ಟು ಹೇಳುವುದಿಲ್ಲ. ತಾಯಿ ತಿಂಗಳುಗಟ್ಟಲೆ ನಿದ್ದೆಗೆಟ್ಟಿರುತ್ತಾಳೆ, ಯಾವುದರಲ್ಲೂ ಮನಸ್ಸಿರುವುದಿಲ್ಲ. ಆಕೆಯ ಖಿನ್ನತೆಗೆ ಚಿಕಿತ್ಸೆಯಾದರೆ ಮಗುವಿನ ಹಠ, ಅಂಜಿಕೆ ಕೂಡ ತಗ್ಗುವುದುಂಟು. ಹಾಗಾಗಿ “ನೀವು ಹೆಂಗದೀರಿ?” ಎಂದು ನಾನು ಕೇಳಿದರೆ ಅದು ಉಪಚಾರದ ಮಾತಲ್ಲ.

ಎಲ್ಲಿ ಹೋಗಬೇಕು ಅಂತೀರಾ? ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೇಳಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆದರೆ ಮಗು “ಸಾಯಬೇಕು ಅನಸ್ತದ” ಎಂದರೆ ಸಂತೆ, ಜಾತ್ರೆ, ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ಗದರಿಸಲೂ ಬೇಡಿ. ನೇರವಾಗಿ ಕೇಳಿ, ಕೇಳಿದರೆ ಆ ವಿಚಾರ ತಲೆಗೆ ಹೊಕ್ಕುಬಿಡುವುದಿಲ್ಲ. ಮನೆಯಲ್ಲಿ ಹೊಲಕ್ಕೆ ಹೊಡೆಯುವ ಔಷಧಿಯಿದ್ದರೆ ಬೀಗ ಹಾಕಿ, ಒಬ್ಬನನ್ನೇ ಬಿಡಬೇಡಿ, ಅವತ್ತೇ ಕರೆದುಕೊಂಡು ಬನ್ನಿ.