ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಕಿಲೋಮೀಟರಿನ ಲೆಕ್ಕ, ಗಾಳಿಯ ಲೆಕ್ಕ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೆ ಭೂಗೋಳದ ಮೇಲೆ ಅಳೆದ ಅತಿ ಕಡಿಮೆ ದೂರ ಸುಮಾರು 13,990 ಕಿಲೋಮೀಟರ್. ದೊಡ್ಡ ವಿಮಾನವೊಂದು ಗಂಟೆಗೆ ಸುಮಾರು 900 ಕಿಲೋಮೀಟರ್ ಕ್ರಮಿಸುತ್ತದೆ ಎಂದಿಟ್ಟುಕೊಂಡು ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಅಲ್ಲಿರುವ ಮಕ್ಕಳ ಮನೆಗೆ ಮೊದಲ ಸಲ ಹೊರಡುವ ಹಿರಿಯರು ಈ ಭಾಗಾಕಾರವನ್ನೇ ನಂಬಬಾರದು ಎಂಬ ಕಳಕಳಿಯಿಂದ ಇದನ್ನು ಬರೆಯುತ್ತಿದ್ದೇನೆ.

2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ತಡೆರಹಿತ ಸೇವೆ ಆರಂಭಿಸಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಮೊದಲ ವಿಮಾನವು ಉತ್ತರ ಧ್ರುವದ ಮೇಲಿನಿಂದ ಹಾದು ಬೆಂಗಳೂರಿಗೆ ಬಂದಿಳಿದದ್ದು ಇಂದಿಗೂ ನನಗೆ ಹೆಮ್ಮೆಯ ಸಂಗತಿ. ಆದರೆ ಧ್ರುವದ ದಾರಿ ಅತಿ ಹತ್ತಿರದ ದಾರಿಯಲ್ಲ. ಅತಿ ಹತ್ತಿರದ ರೇಖೆ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಮಾತ್ರ ಏರಿ, ಸೈಬೀರಿಯದ ಮೇಲಿನಿಂದ ಹಾದು ಇಳಿಯುತ್ತದೆ. ಧ್ರುವವನ್ನೇ ಮುಟ್ಟಿ ಬಂದರೆ ಸುಮಾರು 370 ಕಿಲೋಮೀಟರ್ ಹೆಚ್ಚಾಗುತ್ತದೆ. ಹಾಗಿದ್ದೂ ಆ ದಾರಿ ಲಾಭದಾಯಕವಾಗುವುದು ಗಾಳಿಯಿಂದ. ಮಧ್ಯ ಅಕ್ಷಾಂಶಗಳಲ್ಲಿ, ವಿಮಾನಗಳು ಹಾರುವ ಎತ್ತರದಲ್ಲಿಯೇ, ಜೆಟ್ ಸ್ಟ್ರೀಮ್ ಎಂಬ ಪ್ರಬಲ ಗಾಳಿಪ್ರವಾಹ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತಿರುತ್ತದೆ, ಮತ್ತು ಚಳಿಗಾಲದಲ್ಲಿ ಜಪಾನಿನ ಆಸುಪಾಸು ಅದರ ವೇಗ ಗಂಟೆಗೆ 300 ಕಿಲೋಮೀಟರ್ ದಾಟುವುದುಂಟು. ಅದಕ್ಕೆ ಎದುರಾಗಿ ಇಂಧನ ಸುಡುವುದಕ್ಕಿಂತ ಅದರಿಂದ ದೂರ ಸರಿದು ಸುತ್ತಿಬರುವುದೇ ಮೇಲು. ಅಮೆರಿಕದ ಕಡೆಗೆ ಹೋಗುವಾಗ ಮಾತ್ರ ವಿಮಾನ ಅದೇ ಗಾಳಿಯನ್ನು ಬೆನ್ನಿಗೆ ಪಡೆದು ಪೆಸಿಫಿಕ್ ದಾಟಬಹುದು.

ಆದ್ದರಿಂದಲೇ ಆಗ ಹೋಗುವ ಪ್ರಯಾಣಕ್ಕೆ ಸುಮಾರು 16 ಗಂಟೆ ಸಾಕಾದರೆ, ಬರುವ ಪ್ರಯಾಣದ ವೇಳಾಪಟ್ಟಿ ಹದಿನೇಳೂಮುಕ್ಕಾಲು ಗಂಟೆಯದಾಗಿತ್ತು. ಶನಿವಾರ ರಾತ್ರಿ 8:30ಕ್ಕೆ ಅಲ್ಲಿಂದ ಹೊರಟರೆ ಇಲ್ಲಿ ತಲುಪುತ್ತಿದ್ದುದು ಸೋಮವಾರ ಬೆಳಗಿನ ಜಾವ 3:45ಕ್ಕೆ. ಗಡಿಯಾರದ ಪ್ರಕಾರ 31 ಗಂಟೆ 15 ನಿಮಿಷ. ಅದರಲ್ಲಿ ಎರಡು ಊರುಗಳ ಕಾಲವ್ಯತ್ಯಾಸವಾದ ಹದಿಮೂರೂವರೆ ಗಂಟೆ ಕಳೆದರೆ ನಿಜವಾದ ಅವಧಿ ಸಿಗುತ್ತದೆ. ಹೋಗುವಾಗ ಅದೇ ಹದಿಮೂರೂವರೆಯನ್ನು ಕೂಡಿಸಬೇಕು: ಮಧ್ಯಾಹ್ನ ಬೆಂಗಳೂರು ಬಿಟ್ಟವರು ಅದೇ ದಿನ ಸಂಜೆ ಅಲ್ಲಿರುತ್ತಿದ್ದರು, ಟಿಕೆಟ್ ನೋಡಿದವರಿಗೆ ಎರಡೂವರೆ ಗಂಟೆಯ ಪಯಣವೆನಿಸುತ್ತಿತ್ತು. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಈ ವ್ಯತ್ಯಾಸ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ.

ದುಬೈ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವವರು ಅಲ್ಲಿ ಕಾಯುವ ಹೊತ್ತನ್ನೂ ಸೇರಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಮಾತ್ರೆ ತೆಗೆದುಕೊಳ್ಳುವವರಂತೂ, ಟಿಕೆಟ್ಟಿನ ಮೇಲಿನ ಗಡಿಯಾರವನ್ನು ನೋಡದೆ, ಹೀಗೆ ಲೆಕ್ಕ ಹಾಕಿದ ನಿಜವಾದ ಗಂಟೆಗಳನ್ನು ಬರೆದುಕೊಂಡು ಹೋಗಿ, ಯಾವ ಮಾತ್ರೆ ಎಷ್ಟು ಅಂತರದಲ್ಲಿ ಎಂದು ತಮ್ಮ ವೈದ್ಯರನ್ನು ಹೊರಡುವ ಮುನ್ನವೇ ಕೇಳಿಕೊಳ್ಳಬೇಕು.