ಪದ ಬದಲಿಸಿದ ಮಾತ್ರಕ್ಕೆ ಬರಹ ನಮ್ಮದಾಗುವುದಿಲ್ಲ

‘ದಿಸ್ ಈಸ್ ಸ್ಪೈನಲ್ ಟ್ಯಾಪ್’ ಎಂಬ ಸಿನಿಮಾ ಬಂದದ್ದು 1984ರಲ್ಲಿ. ರಾಬ್ ರೈನರ್ ನಿರ್ದೇಶಕ. ಇಲ್ಲದ ಒಂದು ರಾಕ್ ತಂಡದ ಬಗ್ಗೆ, ಇದೆ ಎಂದೇ ನಂಬಿಸುವ ಹಾಗೆ ಮಾಡಿದ ಅಣಕು ಸಾಕ್ಷ್ಯಚಿತ್ರ ಅದು. ಆಗ ಕೆಲವರು ಈ ತಂಡ ನಿಜವಾಗಿಯೂ ಉಂಟು ಅಂದುಕೊಂಡಿದ್ದರಂತೆ. ಯಾರೂ ನಗಿಸಲು ಹೊರಟವರ ಹಾಗೆ ಕಾಣುವುದಿಲ್ಲ, ಅದೇ ಅದರ ಜೀವ. ವೇದಿಕೆಗೆ, ಇಂಗ್ಲೆಂಡಿನಲ್ಲಿರುವ ಪುರಾತನ ಕಲ್ಲುಕಂಬಗಳ ಮಾದರಿಯಲ್ಲಿ, 18 ಅಡಿ ಎತ್ತರದ ಸ್ಟೋನ್‌ಹೆಂಜ್ ಕಲ್ಲು ಬೇಕು, ಆದರೆ ಚಿತ್ರ ಬರೆದುಕೊಟ್ಟವನು 18 ಇಂಚು ಅಂತ ಗುರುತು ಹಾಕಿದ್ದಾನೆ, ಮಾಡುವವರು ಅಷ್ಟೇ ಮಾಡಿ ತಂದಿದ್ದಾರೆ. ಕಾರ್ಯಕ್ರಮದ ಮಧ್ಯೆ ಮೇಲಿನಿಂದ ಆ ಪುಟ್ಟ ಕಲ್ಲು ಇಳಿಯುತ್ತದೆ.

ಉಡುಪಿಯಲ್ಲಿ ನಾವು ಕೆಲವರು ಸೇರಿ ಆಗಾಗ ಸಿನಿಮಾ ತೋರಿಸುತ್ತೇವೆ. ಬಂದವರ ಕೈಗೆ ಕೊಡಲು ಒಂದು ಪುಟದ ಬರಹವೂ ಇರುತ್ತದೆ. ಈ ಸಿನಿಮಾಕ್ಕೆ ಬರೆಯುತ್ತೇನೆ ಅಂತ ಒಬ್ಬ ಕಾಲೇಜು ಹುಡುಗ ಮುಂದೆ ಬಂದ, ನನಗೆ ಖುಷಿಯಾಗಿತ್ತು. ಆದರೆ ಅವನು ಕಳಿಸಿದ್ದನ್ನು ಓದಿದರೆ ತಲೆಬುಡ ಇಲ್ಲ! ‘ಕಲ್ಪನೆಯ ತಂಡ’ ಇರಬೇಕಾದಲ್ಲಿ ‘ಮೋಸದ ಗುಂಪು’ ಅಂತ ಇತ್ತು. ‘18 ಅಡಿ’ ಹೋಗಿ ‘18 ಕೆಳಗೆ’ ಆಗಿತ್ತು. ‘ತಂಡಕ್ಕೆ’ ಎಂಬುದು ‘ಗುಂಪುಕ್ಕೆ’ ಆಗಿತ್ತು, ಅದಂತೂ ಕನ್ನಡವೇ ಅಲ್ಲ. ಯಾರದೋ ಲೇಖನವನ್ನು ಎತ್ತಿ, ಒಂದೊಂದೇ ಪದ ತೆಗೆದು ಅದರ ಸಮಾನಾರ್ಥಕ ಪದ ಕೂರಿಸುವ ಸಾಫ್ಟ್‌ವೇರಿಗೆ ಹಾಕಿದ್ದ.

ಫೋನ್ ಮಾಡಿ “ಎಂತ ಮಾರಾಯ ಇದು, ಸಿನಿಮಾ ನೋಡಿದ್ದೀಯಾ?” ಅಂತ ಕೇಳಿದೆ. “ಇಲ್ಲ ಸರ್, ಆದರೆ ಕಾಪಿ ಅಂತ ಯಾರಿಗೂ ಗೊತ್ತಾಗುವುದಿಲ್ಲ” ಅಂದ. ನನಗೆ ಸಿಟ್ಟಿಗಿಂತ ಬೇಸರವೇ ಜಾಸ್ತಿ ಆಯಿತು. ಎರಡು ಬರಹಗಳಲ್ಲಿ ಒಂದೇ ಪದಗಳ ಸಾಲು ಇದೆಯಾ ಅಂತ ಹೋಲಿಸಿ ನೋಡುವ ಯಂತ್ರದ ಕಣ್ಣಿಗೆ ಇದರಿಂದ ಮಣ್ಣೆರಚಬಹುದೇನೋ, ಆದರೆ ಓದುವವರು ಯಂತ್ರ ಅಲ್ವಲ್ಲ. ಮೊದಲು ಬರೆದವರ ಶ್ರಮವೂ ಹೋಯಿತು, ಓದುವವರಿಗೆ ಸುಳ್ಳು ಮಾಹಿತಿಯೂ ಹೋಯಿತು. ‘ಮೋಸದ ಗುಂಪು’ ಅಂತ ಓದಿದವರು ಇದು ವಂಚಕರ ಕಥೆ ಅಂದುಕೊಂಡೇ ಒಳಗೆ ಕೂರುತ್ತಾರೆ.

ಅದೂ ಇಂಥ ಸಿನಿಮಾದ ಬಗ್ಗೆ! ಇದರ ಸಂಭಾಷಣೆಯಲ್ಲಿ ಹೆಚ್ಚಿನ ಪಾಲು ನಟರು ಕ್ಯಾಮೆರಾ ಎದುರು ಆಗಿಂದಾಗಲೇ ಕಟ್ಟಿದ್ದು. ಕ್ರಿಸ್ಟೋಫರ್ ಗೆಸ್ಟ್, ಮೈಕೆಲ್ ಮೆಕೀನ್, ಹ್ಯಾರಿ ಶಿಯರರ್ ಹಾಡುಗಳನ್ನೂ ತಾವೇ ನುಡಿಸಿ ಹಾಡಿದ್ದಾರೆ. ನಮ್ಮ ತಾಳಮದ್ದಳೆಯ ಹಾಗೆ ಅನ್ನಿ. ಪ್ರಸಂಗ ಅದೇ, ಭಾಗವತರ ಪದ್ಯವೂ ಅದೇ. ಆದರೆ ಅರ್ಥಧಾರಿ ಆ ಪದ್ಯವನ್ನು ಒಳಗೆ ತೆಗೆದುಕೊಂಡು, ಎದುರಿಗೆ ಕೂತವನು ಏನು ಕೇಳಿದ ಅಂತ ನೋಡಿ, ತನ್ನ ಮಾತು ಕಟ್ಟುತ್ತಾನೆ. ಪದ್ಯದ ಒಂದೊಂದು ಪದಕ್ಕೆ ನಿಘಂಟಿನಿಂದ ಇನ್ನೊಂದು ಪದ ಹೆಕ್ಕಿ ಹೇಳಿದರೆ ಸಭೆಯಲ್ಲಿ ಯಾರಾದರೂ ಕೂರುತ್ತಾರಾ? ಸ್ವಂತ ಮಾತಿನಲ್ಲಿ ಬರಿ ಅಂತ ನಾವು ಮಕ್ಕಳಿಗೆ ಹೇಳುವುದೂ ಇದನ್ನೇ. ಓದು, ಪುಸ್ತಕ ಮುಚ್ಚು, ಅರ್ಥವಾದದ್ದನ್ನು ಹೇಳು. ಬೇರೆಯವರ ವಿಚಾರ ತೆಗೆದುಕೊಂಡರೆ ಅವರ ಹೆಸರು ಹಾಕು. ಅದು ಕಷ್ಟದ ಕೆಲಸವೂ ಅಲ್ಲ.

ಆ ಬರಹವನ್ನು ನಾವು ಅಚ್ಚು ಹಾಕಿಸಲಿಲ್ಲ. ಸಿನಿಮಾ ಒಂದೂವರೆ ಗಂಟೆಯೂ ಇಲ್ಲ, ಮೊದಲು ನೋಡು ಅಂದೆ. ನೋಡಿದ, ಮತ್ತೆ ಬರೆದ. ಅರ್ಧ ಪುಟ ಅಷ್ಟೇ, ಕಾಗುಣಿತ ನಾನು ತಿದ್ದಿದೆ. ಸಿನಿಮಾದೊಳಗೆ ಸಾಕ್ಷ್ಯಚಿತ್ರ ಮಾಡುವವನ ಪಾತ್ರದಲ್ಲಿ ರೈನರ್ ತಾನೇ ಇದ್ದಾನೆ, ಅವನು ಟೊಪ್ಪಿ ಹಾಕಿಕೊಂಡು ಎಷ್ಟು ಗಂಭೀರವಾಗಿ ಪ್ರಶ್ನೆ ಕೇಳುತ್ತಾನೆಂದರೆ ಉತ್ತರ ಬರುವ ಮೊದಲೇ ನಗು ಬರುತ್ತದೆ, ಅಂತ ಬರೆದಿದ್ದ. ಅದನ್ನೇ ಅಚ್ಚಿಗೆ ಕೊಟ್ಟೆವು, ಕೆಳಗೆ ಅವನ ಹೆಸರು ಹಾಕಿ.